ಎಡಕ್ಕೆ ಹೋದ ದೋಣಿ

‘ತಮ್ಮ ಮಾಡಿದ್ದನ್ನು ಅಣ್ಣ ಉಣ್ಣೋ ಮಹರಾಯ.’ ಗಾದೆ ಹಾಗಿಲ್ಲ ಎಂದು ತಿದ್ದಲು ಬರಬೇಡಿ. ಕಥೆ ನಿಜವಾದ್ದರಿಂದ ಗಾದೆಯನ್ನೇ ತಿದ್ದಬೇಕಾಯಿತು.

ಅಣ್ಣ ಬಸ್ ಡ್ರೈವರ್. ಇಪ್ಪತ್ತಾರು ವರ್ಷ ಸ್ಟಿಯರಿಂಗ್ ಹಿಡಿದವನು ಒಂದು ಬೆಳಿಗ್ಗೆ ಬಚ್ಚಲಲ್ಲಿ ಕುಸಿದ. ಲಕ್ವ ಬಂದಷ್ಟೇ ಬೇಗ ಹೋಯಿತು. ಹೋಗುವಾಗ ಎಡಬಲದ ಗೊಂದಲ ಬಿಟ್ಟುಹೋಗಿರಬಹುದು ಎಂದರು ಡಾಕ್ಟರು. ಆರು ತಿಂಗಳ ಮೇಲೆ ಡಿಪೋದಲ್ಲಿ ಪರೀಕ್ಷೆ. ಪಾಸಾದರೆ ಬಸ್ಸು, ಇಲ್ಲದಿದ್ದರೆ ಟಿಕೆಟ್ ಕಿಟಕಿ.

ಕೈ ಪಳಗಲೆಂದು ಅಣ್ಣ ಒಂದು ರಿಮೋಟ್ ದೋಣಿ ಕಟ್ಟಿದ. ತೆಳು ಪ್ಲೈವುಡ್ಡಿನ ಒಡಲು, ಒಳಗೆ ಹೆಬ್ಬೆರಳಿನಷ್ಟು ಮೋಟಾರು. ಮೂತಿ ನೀರಿಗೆ ಬಗ್ಗಿತೆಂದು ಬ್ಯಾಟರಿಯನ್ನು ನಾಲ್ಕು ಸಲ ಹಿಂದೆ ಸರಿಸಿದ. ತಿರುವು ಸಾಲದೆಂದು ಪ್ಲಾಸ್ಟಿಕ್ ಚುಕ್ಕಾಣಿ ಕಿತ್ತು ಹಿತ್ತಾಳೆಯದು ಹಾಕಿದ. ರಿಮೋಟಿಗೆ ಬಿಸ್ಕತ್ತಿನಷ್ಟಗಲದ ಸ್ಟಿಯರಿಂಗ್. ದಿನಾ ಸಂಜೆ ಪಾರ್ಕಿನ ಕೊಳದಲ್ಲಿ ಓಡಿಸುತ್ತಿದ್ದ. “ಅಡುಗೆಮನೆ ದಾರಿ ಮರೆತಿದೆ, ಕೊಳದ ಮೂಲೆಮೂಲೆ ನೆನಪಿದೆ,” ಎಂದು ಅತ್ತಿಗೆ ಚುಚ್ಚುತ್ತಿದ್ದಳು. ಕಳೆದೊಂದು ತಿಂಗಳಲ್ಲಿ ದೋಣಿ ಒಮ್ಮೆಯೂ ದಡಕ್ಕೆ ತಾಗಿರಲಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ಅಣ್ಣ ಚಪ್ಪಲಿ ಮೆಟ್ಟುವಷ್ಟರಲ್ಲಿ, ರಿಮೋಟಿನ ಅಡಿಯಲ್ಲಿದ್ದ ಪುಟ್ಟ ಸ್ವಿಚ್ಚನ್ನು ತಮ್ಮ ಆಚೆಗೆ ತಳ್ಳಿದ. ಅದನ್ನು ತಳ್ಳಿದರೆ, ಬಲಕ್ಕೆ ತಿರುಗಿಸಿದಾಗ ದೋಣಿ ಎಡಕ್ಕೆ ಹೋಗುತ್ತದೆ.

“ರೈಟ್, ರೈಟ್!” ತಮ್ಮ ಕೊಳದ ದಡದಲ್ಲಿ ಮೂಗಿನಿಂದ ಕಂಡಕ್ಟರನ ದನಿ ತೆಗೆದ. ಅಣ್ಣ ಬಲಕ್ಕೆ ತಿರುಗಿಸಿದ. ದೋಣಿ ಎಡಕ್ಕೆ ನುಗ್ಗಿ ಮೆಟ್ಟಿಲಿಗೆ ಗುದ್ದಿತು.

“ನಿಧಾನ ಡ್ರೈವರಣ್ಣ, ಒಳಗೆ ಹೆಂಗಸರು ಮಕ್ಕಳಿದಾರೆ!”

ಅಣ್ಣ ನಗಲಿಲ್ಲ. ಮತ್ತೆ ತಿರುಗಿಸಿದ, ಮತ್ತೆ ಗುದ್ದಿತು. ಬೇರೆ ಯಾರೇ ಆಗಿದ್ದರೂ ದೋಣಿಯನ್ನು ಬೈಯುತ್ತಿದ್ದರು. ಒಂದೊಂದು ಮೊಳೆಯನ್ನೂ ತಾನೇ ಬಡಿದವನಿಗೆ ದೋಣಿಯ ಮೇಲೆ ಅನುಮಾನ ಬರಲಿಲ್ಲ. ತನ್ನ ಎರಡೂ ಕೈಗಳನ್ನು ಸ್ವಲ್ಪ ಹೊತ್ತು ನೋಡಿಕೊಂಡ.

“ಸಾಕು ಕಣೋ, ಕತ್ತಲಾಯ್ತು,” ಎಂದ. ಕತ್ತಲಾಗಿರಲಿಲ್ಲ.

ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ತಮಾಷೆಯನ್ನು ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಚೆನ್ನಾಗಿ ಉಬ್ಬುತ್ತದೆ ಎಂಬುದು ತಮ್ಮನ ಸಿದ್ಧಾಂತ. ಬೆಳಿಗ್ಗೆ ಎದ್ದರೆ ಅಣ್ಣ ಮನೆಯಲ್ಲಿರಲಿಲ್ಲ.

ಪರೀಕ್ಷೆ ಹತ್ತಕ್ಕೆ. ಅಣ್ಣ ಒಂಬತ್ತಕ್ಕೇ ಡಿಪೋದಿಂದ ಹಿಂದಿರುಗಿದ.

“ಪರೀಕ್ಷೆ ಬೇಡ, ಕಿಟಕೀನೇ ಕೊಡಿ ಅಂತ ಬರೆದುಕೊಟ್ಟೆ,” ಎಂದು ಅತ್ತಿಗೆಗೆ ಹೇಳಿದ. “ಐವತ್ತು ಜನರ ಜೀವ ಕಣೇ. ಕೈ ಸುಳ್ಳು ಹೇಳ್ತಿದೆ.”

“ಕಾಗದ ವಾಪಸ್ ತಗೋಬಹುದಲ್ಲ, ಅಣ್ಣ?” ತಮ್ಮನ ಗಂಟಲಿಂದ ಈ ಸಲ ಅವನದೇ ದನಿ ಬಂತು, ಅದೂ ಅರ್ಧ.

“ಒಂದು ಸಲ ಬಿಟ್ಟ ಸೀಟು ಮತ್ತೆ ಕೊಡಲ್ಲ. ನನ್ನ ರೂಟು ಆಗಲೇ ಬೇರೆಯವರಿಗೆ ಹೋಯ್ತು. ಯಾಕೋ?”

ತಮ್ಮ ಒಳಗಿಂದ ರಿಮೋಟು ತಂದು, ಬೋರಲು ಹಾಕಿ ಸ್ವಿಚ್ಚು ತೋರಿಸಿದ. “ಇದು… ನಾನು. ತಮಾಷೆಗೆ.”

ಅತ್ತಿಗೆ ಇದ್ದಲ್ಲೇ ಕುಳಿತಳು. ಅಣ್ಣ ಸ್ವಿಚ್ಚನ್ನು ನೋಡಿದ, ತಮ್ಮನನ್ನು ನೋಡಿದ. ಆಮೇಲೆ ಪಕ್ಕದ ಮನೆಯವರು ಕಿಟಕಿ ತೆರೆಯುವಷ್ಟು ಜೋರಾಗಿ ನಕ್ಕ; ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಒಬ್ಬನೇ ನಕ್ಕ.

“ಕೇಳಿದ್ಯೇನೇ? ನನ್ನ ತಲೆ ನೆಟ್ಟಗಿದೆ ಕಣೇ, ನೆಟ್ಟಗೇ ಇದೆ!”