ಗೋಡೆಗೆ ಮುಖ ಮಾಡಿದ ಸ್ಪೀಕರ್‌ಗಳು

“ಸ್ಪೀಕರ್ ಕೇಳೋರ ಕಡೆ ಮುಖ ಮಾಡಿರಬೇಕು ಸ್ವಾಮಿ. ನೀವು ಗೋಡೆ ಕಡೆ ತಿರುಗಿಸಿಬಿಟ್ಟಿದ್ದೀರಿ,” ಎಂದ ಅಂಗಡಿಯವನು.

“ಕೇಳೋರ ಕಡೆಗೇ ತಿರುಗಿಸಿದ್ದೀನಿ,” ಎಂದರು ದರ್ಜಿ.

ಅಂಗಡಿಯವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಮನೆಮನೆಗೆ ಹೋಗಿ ಹಾಡು ಕೇಳುವ ಸಾಮಾನು ಜೋಡಿಸಿಕೊಡುವವನಿಗೆ ಎಂತೆಂಥ ಗಿರಾಕಿಗಳು ಗಂಟುಬೀಳುತ್ತಾರೆಂದು ಅವನು ಹೆಂಡತಿಯೆದುರು ಅಭಿನಯಿಸಿ ತೋರಿಸುವುದುಂಟು. ‘ಬೇಸು ಕೊಂಚ ದುಂಡಗಿರಲಿ’ ಎಂದು ಮೂಗಿನಲ್ಲಿ ಅಪ್ಪಣೆ ಕೊಡುವ ವಕೀಲರು, ಒಂದೇ ಥರದ ಎರಡು ವೈರು ಹಿಡಿದು ‘ಇದರಲ್ಲಿ ಕೊಳಲು ಸಪ್ಪೆ’ ಎಂದು ಚಪ್ಪರಿಸುವ ಹಲ್ಲಿನ ಡಾಕ್ಟರು, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಇವತ್ತು ಇನ್ನೊಬ್ಬರು ಬಂದು ಸೇರಿದರು ಎಂದುಕೊಂಡ.

ಮೆಟ್ಟಿಲಲ್ಲೇ ಅವನಿಗೆ ಅನುಮಾನ ಬಂದಿತ್ತು. ಕೆಳಗಿನ ಮನೆಯಾಕೆ ಯಾವ ಮನೆಗೆ ಎಂದು ಕೇಳಿ, ದರ್ಜಿಯವರ ಮನೆಗೆ ಎಂದೊಡನೆ ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡಿದ್ದಳು. ಮೇಲೆ ದರ್ಜಿ ತುಟಿಗೆ ಬೆರಳಿಟ್ಟು ಕಾದಿದ್ದರು. “ಮೆಲ್ಲಗೆ. ಪಕ್ಕದ ಮನೆಗೆ ಗೊತ್ತಾಗಬಾರದು.” ಅಂತೂ ಸದ್ದಿನ ಪೆಟ್ಟಿಗೆ ಸದ್ದಿಲ್ಲದೆ ಒಳಗೆ ಸೇರಿತು.

ಹೊಲಿಗೆ ಯಂತ್ರವನ್ನು ಮೂಲೆಗೆ ತಳ್ಳಿ, ಅದರ ಮೇಜಿನ ಮೇಲೆ ಕಂಪ್ಯೂಟರ್ ಕೂರಿಸಿದ್ದರು. ಅದರ ಅಕ್ಕಪಕ್ಕ ಎರಡು ಸ್ಪೀಕರ್. ದರ್ಜಿ ಕೊರಳಿನ ಟೇಪು ತೆಗೆದು ಗೋಡೆಗಿರುವ ದೂರ ಅಳೆದರು. ಎಡಗಡೆಯದನ್ನು ಕಣ್ಣು ಕಿರಿದು ಮಾಡಿ ನೋಡಿದರು.

“ಇದರ ಭುಜ ಇಳಿಬಿದ್ದಿದೆ.”

ಅಂಗಡಿಯವನು ಅಡಿಗೆ ಸ್ಪಂಜು ತೂರಿಸಿದ. “ಈಗ ಸೂಟು ಸೂಟಾಯ್ತಾ?”

ದರ್ಜಿ ನಗಲಿಲ್ಲ.

ಕಂಪ್ಯೂಟರಿನಿಂದ ಪಿಟೀಲು ಹೊರಟಿತು. ನಡುವೆ ಕುರ್ಚಿ ಕಿರುಗುಟ್ಟಿತು. ಯಾರೋ ಕೆಮ್ಮಿದರು.

“ಈ ಕೆಮ್ಮು ಗಿಮ್ಮು ಎಲ್ಲ ತೆಗೆದುಬಿಡಬಹುದು ಸ್ವಾಮಿ.”

“ಬೇಡ. ಅದು ಅವಳದು.” ದರ್ಜಿ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. “ನನ್ನ ಹೆಂಡ್ತಿ. ತನ್ನ ತಪ್ಪು ತಾನೇ ಹಿಡಿಯೋಕೆ ಅಂತ ಫೋನಲ್ಲಿ ಹಿಡಿದಿಟ್ಟಿದ್ಳು. ದೂರದ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದೆ. ತಿಂಗಳುಗಟ್ಟಲೆ ಅಲ್ಲೇ ಇದ್ವಿ. ವಾಪಸ್ ಬಂದಿದ್ದು ನಾನೊಬ್ಬನೇ.”

ಗೋಡೆಯ ಆಚೆಗಿರುವುದು ಆಕೆಯ ಅಕ್ಕನ ಮನೆ. ಅಕ್ಕ ಹಾಸಿಗೆ ಹಿಡಿದು ವರ್ಷಗಳಾಗಿದ್ದವು, ಮಗ ನೋಡಿಕೊಳ್ಳುತ್ತಿದ್ದ. ತಮ್ಮ ತಾಯಿಯ ಪಿಟೀಲು ಯಾರಿಗೆ ಸೇರಬೇಕೆಂದು ಅಕ್ಕತಂಗಿ ಜಗಳವಾಡಿ ಮಾತು ಬಿಟ್ಟರು. ಜೊತೆಗೆ ಎರಡೂ ಮನೆಯವರು ಮುಖ ನೋಡುವುದನ್ನೂ ಬಿಟ್ಟರು. ಉಳಿದದ್ದು ಗೋಡೆ. ಸಂಜೆ ತಂಗಿ ನುಡಿಸುವಳು. ತಪ್ಪಿದಲ್ಲಿ ಅಕ್ಕ ಆಚೆಯಿಂದ ಕೋಲಿನಲ್ಲಿ ಒಂದೇಟು ಹಾಕುವಳು. ತಂಗಿ ಬೈದುಕೊಳ್ಳುತ್ತಲೇ ಅಲ್ಲಿಂದ ಮತ್ತೆ ನುಡಿಸುವಳು.

“ಅತ್ತಿಗೆ ಉಸಿರು ಹಿಡ್ಕೊಂಡಿರೋದೇ ಇದಕ್ಕೆ. ಇದೂ ನಿಂತುಹೋದ್ರೆ…” ದರ್ಜಿ ಮಾತನ್ನು ಅಲ್ಲಿಗೇ ಕತ್ತರಿಸಿದರು. “ಇಷ್ಟು ದಿನ ಫೋನಲ್ಲೇ ಹಾಕ್ತಿದ್ದೆ. ಕೋಲು ಬೀಳುತ್ತೆ. ಆದ್ರೆ ತಪ್ಪಿರೋ ಕಡೆ ಅಲ್ಲ, ಚೆನ್ನಾಗಿರೋ ಕಡೆ. ಸದ್ದು ಕೆಟ್ಟುಹೋಗಿ ಕೇಳಿಸ್ತಿರಬೇಕು. ನಿಜ ಗೊತ್ತಾಗಿಬಿಟ್ರೆ ಆ ಜೀವ ಉಳಿಯಲ್ಲ.”

ಗಂಟಲಲ್ಲಿ ಆಗಲೇ ಜಾಗ ಹಿಡಿದಿದ್ದ ದರ್ಜಿಯ ದನಿಯನ್ನು ಅಂಗಡಿಯವನು ನುಂಗಿಕೊಂಡ.

“ಅವರು ಎಲ್ಲಿ ಕೂತು ನುಡಿಸ್ತಿದ್ರು?”

ಕುರ್ಚಿ ತಂದರು. ಆಕೆಯ ಭುಜದ ಎತ್ತರ ದರ್ಜಿಗೆ ಟೇಪಿಲ್ಲದೆಯೂ ಗೊತ್ತಿತ್ತು. ಅಂಗಡಿಯವನು ಎರಡೂ ಸ್ಪೀಕರನ್ನು ಆ ಎತ್ತರಕ್ಕೆ ಏರಿಸಿ ಒಂದಕ್ಕೊಂದು ಒತ್ತಿ ಕೂರಿಸಿದ, ಬೇಸು ಇಳಿಸಿದ, ಪರದೆ ಸರಿಸಿದ. ಕೆಲಸ ಮುಗಿಯುವಾಗ ಸಂಜೆಯಾಗಿತ್ತು.

ದರ್ಜಿ ಗುಂಡಿ ಒತ್ತಿದರು. ಖಾಲಿ ಕುರ್ಚಿಯಲ್ಲಿ ಯಾರೋ ಬಂದು ಕೂತು ತಂತಿ ಮೀಟಿ ನೋಡಿದಂತಾಯಿತು. ಆಮೇಲೆ ಕಮಾನು ತಂತಿಯ ಮೇಲೆ ಹರಿಯಿತು. ಇಷ್ಟು ಚೆನ್ನಾಗಿ ಅಂಗಡಿಯವನು ಯಾರ ಮನೆಯಲ್ಲೂ ಜೋಡಿಸಿರಲಿಲ್ಲ.

ಸ್ವಲ್ಪ ಹೊತ್ತಿಗೆ ಪಿಟೀಲು ಎಡವಿತು. ಅಂಗಡಿಯವನಿಗೂ ತಿಳಿಯುವಂಥ ದೊಡ್ಡ ತಪ್ಪು. ಇಬ್ಬರೂ ಗೋಡೆ ನೋಡಿದರು.

ಗೋಡೆ ಸುಮ್ಮನಿತ್ತು.

ಪಿಟೀಲು ಚೇತರಿಸಿಕೊಂಡಿತು, ಮೇಲೇರಿತು, ಒಂದು ಸ್ವರದಲ್ಲಿ ಕದಲದೆ ನಿಂತಿತು. ಠಕ್.

ದರ್ಜಿ ಅದೇ ಜಾಗದಿಂದ ಮತ್ತೆ ಹಾಕಿದರು, ಆಕೆ ಇದ್ದಿದ್ದರೆ ಹಾಗೇ ಮಾಡುತ್ತಿದ್ದಳು. ಅಂಗಡಿಯವನು ಸ್ಪೀಕರುಗಳನ್ನು ಕೂದಲೆಳೆಯಷ್ಟು ಹಿಂದೆಳೆದ. ಠಕ್. ಪಕ್ಕಕ್ಕೆ ಸರಿಸಿದ. ಠಕ್.

“ಸದ್ದಿನಲ್ಲಿ ಏನೂ ತಪ್ಪಿಲ್ಲ ಸ್ವಾಮಿ. ನನ್ನ ಮಾತು ನಂಬಿ.”

“ಅತ್ತಿಗೆ ಕಿವಿ ತಪ್ಪೋದಿಲ್ಲ,” ಎಂದರು ದರ್ಜಿ. “ನಾಳೆ ಬನ್ನಿ. ಇನ್ನೊಂದು ಸಲ ನೋಡೋಣ.”

ನಾಳೆ ಬಂದರೂ ಮಾಡಲು ಏನೂ ಉಳಿದಿಲ್ಲವೆಂದು ಹೇಳಲು ಅಂಗಡಿಯವನಿಗೆ ಬಾಯಿ ಬರಲಿಲ್ಲ. ತಲೆಯಾಡಿಸಿ ಚೀಲ ಎತ್ತಿಕೊಂಡು ಹೊರಬಂದ.

ಪಕ್ಕದ ಮನೆಯ ಬಾಗಿಲು ಒಂದು ಗೇಣು ತೆರೆದುಕೊಂಡಿತು. ಆಫೀಸು ಬಟ್ಟೆಯಲ್ಲಿದ್ದವನೊಬ್ಬ, ಬೂಟು ಕೂಡ ಬಿಚ್ಚಿರಲಿಲ್ಲ, ಚೀಲದ ಮೇಲಿನ ಅಂಗಡಿ ಹೆಸರು ಓದಿ ಅವನ ತೋಳು ಹಿಡಿದು ಹತ್ತಿರಕ್ಕೆಳೆದುಕೊಂಡ. ಗುಟ್ಟು ರಟ್ಟಾಯಿತು ಎಂದುಕೊಂಡ ಅಂಗಡಿಯವನು.

“ನೀವು ಸ್ಪೀಕರ್ ಅಂಗಡಿಯವರಲ್ವಾ? ಒಂದು ಉಪಕಾರ ಮಾಡಬೇಕು. ಪಕ್ಕದ ಮನೆಗೆ ಗೊತ್ತಾಗಬಾರದು.”

“ಏನು ಹೇಳಿ.”

“ಕೋಲಲ್ಲಿ ಗೋಡೆ ಬಡಿದ ಸದ್ದು ಸಂಜೆ ಹೊತ್ತು ತಾನಾಗೇ ಬರೋ ಹಾಗೆ ಏನಾದ್ರೂ ಜೋಡಿಸಿಕೊಡಿ ಸಾರ್. ನಂಗೆ ಸಂಗೀತದ ಗಂಧಗಾಳಿ ಇಲ್ಲ, ದಿನಾ ಆಫೀಸಿಂದ ಓಡಿಬಂದು ಎಲ್ಲೆಲ್ಲೋ ಬಡೀತಿದ್ದೀನಿ. ಆ ಮನೆಯವರು ದೂರದ ಆಸ್ಪತ್ರೆಯಲ್ಲಿದ್ದಾಗಲೇ ಅಮ್ಮ ತೀರಿಕೊಂಡ್ರು ಅಂತ ಗೊತ್ತಾದ್ರೆ, ನಮ್ಮ ಚಿಕ್ಕಮ್ಮ ಉಳಿಯಲ್ಲ.”