ಡೀಸೆಲ್ ಪೀಪಾಯಿಯ ಮುಚ್ಚಳ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ಮೊನ್ನೆ ರಿಪ್ಪನ್‌ಪೇಟೆಯ ಬಂಕಿನಲ್ಲಿ ಮಗನ ಪಿಕಪ್‌ಗೆ ಡೀಸೆಲ್ ಹಾಕಿಸುವಾಗ ಬಂದ ವಾಸನೆ ಇನ್ನು ಸುಮ್ಮನಿರಲು ಬಿಡಲಿಲ್ಲ.

ಚಿಕ್ಕವನಿದ್ದಾಗ ನನಗೆ ಆ ವಾಸನೆಯ ಹುಚ್ಚು. ನಮ್ಮ ಪಿಕಪ್‌ಗೆಂದು ಅಂಗಳದಂಚಿನಲ್ಲಿ ಇಟ್ಟಿದ್ದ ಡೀಸೆಲ್ ಪೀಪಾಯಿಯ ಮುಚ್ಚಳ ತೆಗೆದು ಮೂಸುತ್ತಿದ್ದೆ. ಒಂದು ಸಂಜೆ ಮುಚ್ಚಲು ಮರೆತೆ. ಆಮೇಲೆ ಮಳೆ ಬಂತು.

ಮರುದಿನ ಮಧ್ಯಾಹ್ನ ನಮ್ಮ ಡ್ರೈವರ್ ಎಂದಿನಂತೆ ಬೀಡಿಯನ್ನು ಗೇಟಿನಾಚೆಯೇ ಆರಿಸಿ ಬಂದರು. ಗಾಡಿಗೆ ಹಾಕುವ ಮೊದಲು ಪೀಪಾಯಿಯ ತಳದಿಂದ ಒಂದು ಬಾಟಲಿ ಡೀಸೆಲ್ ತೆಗೆದು ಬಿಸಿಲಿಗೆ ಹಿಡಿದರು. ಮೇಲೆ ಜೇನಿನ ಬಣ್ಣ, ಕೆಳಗೆ ತಿಳಿನೀರು! ಬಾಟಲಿಯ ಬಾಯಿ ಮುಚ್ಚಿ ಬೋರಲು ಮಾಡಿದರೆ ನೀರು ಮಣಿಮಣಿಯಾಗಿ ಜಾರಿ ಮತ್ತೆ ತಳ ಸೇರಿತು. ನಾನು ಪಕ್ಕದಲ್ಲೇ ನಿಂತು ನೋಡಿದೆ.

"ನೀರು ಯಾವಾಗ್ಲೂ ಅಡಿಗೇ ಕೂರೋದು ಮಾರಾಯ. ಇದು ಎಂಜಿನ್‌ಗೆ ಹೋಗಿದ್ರೆ ಗಾಡಿ ಕತೆ ಮುಗೀತಿತ್ತು" ಎಂದರು.

ಅಪ್ಪ ಬಂದು ಗುಡುಗಿದರು: "ಮುಚ್ಚಳ ತೆಗೆದಿಟ್ಟೋನು ಯಾವನೋ?"

ಡ್ರೈವರ್ ನನ್ನ ಮುಖ ನೋಡಿದರು. ನನ್ನ ಅಂಗಿಯಿಂದ ಇನ್ನೂ ಡೀಸೆಲ್ ವಾಸನೆ ಬರುತ್ತಿತ್ತು.

"ನಾನೇ ಗೌಡ್ರೇ, ಮರ್ತೋಯ್ತು."

"ಹಾಗಾದ್ರೆ ನಾಳೆಯಿಂದ ಬರ್ಬೇಡ."

ಅವರು ಗಾಡಿಯ ಕೀಲಿಯನ್ನು ಜಗಲಿಯ ಮೇಲಿಟ್ಟರು. ಪೀಪಾಯಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ನಡೆದುಹೋದರು. ಮುಂದೆ ಹೊಸನಗರದ ಪೇಟೆಯಲ್ಲಿ ಎಷ್ಟೋ ಸಲ ಎದುರಾದರು. "ಆರಾಮಾ?" ಎಂದು ಕೇಳಿದೆನೇ ಹೊರತು ಕ್ಷಮೆ ಕೇಳಲಿಲ್ಲ.

ಅವರ ಹೆಸರು ದ್ಯಾವಣ್ಣ.