ಟ್ಯಾಲಿ ಪರೀಕ್ಷೆ

ಟ್ಯಾಲಿ ಕಲಿತು ಅಕೌಂಟೆಂಟ್ ಆಗಬೇಕೆಂದು ಚಂದ್ರಕಲಾ ಗಾರ್ಮೆಂಟ್ಸ್ ಕೆಲಸ ಬಿಟ್ಟು ಕಂಪ್ಯೂಟರ್ ಸೆಂಟರಿಗೆ ಸೇರಿದ್ದಳು. ಒಂದೇ ಕಂಪ್ಯೂಟರಿನ ಮುಂದೆ ಮೂವರು ಕೂರಬೇಕಿತ್ತು. ತಿಳಿಯದ್ದನ್ನು ಕೇಳಿದಾಗಲೆಲ್ಲ, ಅಲ್ಲಿ ಕಲಿಸುತ್ತಿದ್ದ ಯೋಗಾನಂದ ಸರ್, "ಅದೆಲ್ಲ ಕೆಲಸಕ್ಕೆ ಸೇರಿದ ಮೇಲೆ ತಾನಾಗೇ ಬರುತ್ತಮ್ಮ," ಎನ್ನುತ್ತಿದ್ದರು. ಕೋರ್ಸಿನ ಆರು ತಿಂಗಳೂ ಅವಳು ಆ ಮಾತನ್ನು ನಂಬಿದಳು.

ಟೈಲ್ಸ್ ಅಂಗಡಿಯ ಸಂದರ್ಶನದಲ್ಲಿ ಮಾಲೀಕರು ಅವಳ ಸರ್ಟಿಫಿಕೇಟ್ ನೋಡಿ, ಒಂದು ಬಿಲ್ ಕೊಟ್ಟು, "ಜಿಎಸ್‌ಟಿ ಹಾಕಿ ಎಂಟ್ರಿ ಮಾಡಮ್ಮ," ಎಂದರು.

ಅವಳ ಕೈ ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು.

"ಇದನ್ನ ಹೇಳಿಕೊಟ್ಟಿಲ್ವಾ?"

"ಇಲ್ಲ ಸರ್."

"ಮತ್ತೆ ಆರು ತಿಂಗಳು ಏನಮ್ಮ ಕಲಿಸಿದ್ರು?"

ಚಂದ್ರಕಲಾ ಸರ್ಟಿಫಿಕೇಟನ್ನು ಚೀಲಕ್ಕೆ ತುರುಕಿಕೊಂಡು ಎದ್ದಳು. ನೇರ ಸೆಂಟರಿಗೇ ಹೋಗಿ, ಯಾಕೆ ಹೀಗೆ ಮೋಸ ಮಾಡಿದ್ರಿ ಎಂದು ಸರ್ ಅನ್ನು ಕೇಳಿಯೇಬಿಡಬೇಕೆಂದು ಕಣ್ಣೊರೆಸುತ್ತ ಹೊರಬಂದಳು.

ಅಷ್ಟು ದೂರ ಹೋಗಬೇಕಾಗಲಿಲ್ಲ. ಸಂದರ್ಶನಕ್ಕೆ ಕಾಯುತ್ತಿದ್ದವರ ಬೆಂಚಿನಲ್ಲಿ ಯೋಗಾನಂದ ಸರ್ ಫೈಲು ಹಿಡಿದು ಕೂತಿದ್ದರು. ಅವಳನ್ನು ಕಂಡು ಮೊದಲು ತಲೆ ತಗ್ಗಿಸಿದರು. ಆಮೇಲೆ ಎದ್ದು ಹತ್ತಿರ ಬಂದು ಪಿಸುಗುಟ್ಟಿದರು.

"ಒಳಗೆ ಏನೇನು ಕೇಳಿದ್ರಮ್ಮ? ನಂಗೂ ಸ್ವಲ್ಪ ಹೇಳಿಕೊಡು."